ಕೊರಿಯನ್ ಕಲಿಯತೊಡಗಿದವರು ಕಿವಿಯನ್ನು ಪಳಗಿಸಿಕೊಳ್ಳುವ ಬಗೆ

ಅಕ್ಷರಗಳನ್ನು ಕಲಿತು, ಪಠ್ಯಪುಸ್ತಕದ ಏಳೆಂಟು ಪಾಠಗಳನ್ನು ಮುಗಿಸಿದವರು ಪಾಠದ ಸಂಭಾಷಣೆಯನ್ನು ಪುಸ್ತಕ ಮುಚ್ಚಿಟ್ಟು ಕೇಳಿದಾಗ ಬಹುಮಟ್ಟಿಗೆ ಒಂದೇ ಬಗೆಯ ನಿರಾಶೆಯನ್ನು ಅನುಭವಿಸುತ್ತಾರೆ. ಪುಟದಲ್ಲಿ ನೋಡಿದರೆ ಎಲ್ಲವೂ ಗೊತ್ತಿರುವ ಪದಗಳೇ, ಆದರೆ ಕಿವಿಗೆ ಹತ್ತರಲ್ಲಿ ಎರಡು ಸಿಕ್ಕರೆ ಹೆಚ್ಚು. ಕೊರಿಯನ್ನರು ಬಹಳ ವೇಗವಾಗಿ ಮಾತನಾಡುತ್ತಾರೆ ಎಂಬುದು ಆಗ ಹೊಳೆಯುವ ಮೊದಲ ಕಾರಣ. ನಾನೂ ಮೊದಲ ಕೆಲವು ತಿಂಗಳು ಹಾಗೆಯೇ ತಿಳಿದು, ಧ್ವನಿಯ ವೇಗವನ್ನು ತಗ್ಗಿಸಿ ಕೇಳುತ್ತಾ ಕುಳಿತಿದ್ದೆ. ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ, ಏಕೆಂದರೆ ತೊಡಕು ಇದ್ದದ್ದು ವೇಗದಲ್ಲಲ್ಲ. ಕೊರಿಯನ್ ಭಾಷೆಯಲ್ಲಿ ಅಕ್ಷರಗಳು ಪಕ್ಕಪಕ್ಕದಲ್ಲಿ ಬಂದಾಗ ಅವುಗಳ ಧ್ವನಿ ನಿಯಮಬದ್ಧವಾಗಿ ಬದಲಾಗುತ್ತದೆ. ಕಣ್ಣಿನಿಂದ ಕಲಿತ ಪದದ ರೂಪ ಒಂದು, ಕಿವಿಗೆ ಬೀಳುವ ರೂಪ ಮತ್ತೊಂದು. ಈ ಎರಡನ್ನೂ ಜೋಡಿಸಿಕೊಳ್ಳದೆ ಎಷ್ಟು ಗಂಟೆ ಕೇಳಿದರೂ ಅದು ಹಿನ್ನೆಲೆಯ ಸದ್ದಾಗಿಯೇ ಉಳಿಯುತ್ತದೆ. ಕನ್ನಡ ಬಲ್ಲವರಿಗೆ ಈ ಜೋಡಣೆಯ ಕೆಲಸದಲ್ಲಿ ಹೇಳಿಕೊಳ್ಳುವಂಥ ಅನುಕೂಲವೇ ಇದೆ. ಸಂಧಿ ಎಂದರೇನು ಎಂಬುದನ್ನು ನಾವು ಶಾಲೆಯಲ್ಲಿಯೇ ಕಲಿತಿರುತ್ತೇವೆ.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಬೇಕು. ಈ ಬರಹದಲ್ಲಿ ಕೊರಿಯನ್ ಮಾತುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಅದು ಧ್ವನಿಯ ದಿಕ್ಕನ್ನು ತೋರಿಸುವುದಕ್ಕೆ ಮಾತ್ರ. ನಿಮ್ಮ ಅಭ್ಯಾಸದ ಪುಸ್ತಕದಲ್ಲಿ ಹೀಗೆ ಬರೆಯಬೇಡಿ. ಕೊರಿಯನ್ ಲಿಪಿಯಾದ ಹಂಗುಲ್ ಅನ್ನು ದೊರೆ ಸೇಜೋಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದನು. ಇಂದು ಅದರಲ್ಲಿ 14 ವ್ಯಂಜನ ಮತ್ತು 10 ಸ್ವರ, ಒಟ್ಟು 24 ಮೂಲಾಕ್ಷರಗಳಿವೆ. ಕಾಗುಣಿತಕ್ಕೆ ಒಗ್ಗಿದ ನಮ್ಮ ಕಣ್ಣಿಗೆ, ವ್ಯಂಜನ ಮತ್ತು ಸ್ವರಗಳನ್ನು ಒಂದೇ ಚೌಕದಲ್ಲಿ ಕೂರಿಸುವ ಆ ಕ್ರಮ ಹೊಸದೆನಿಸುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಒಂದೆರಡು ವಾರಗಳಲ್ಲಿ ಅದು ಕೈಗೆ ಬರುತ್ತದೆ. ಕೇಳಿದ್ದನ್ನು ಅದೇ ಲಿಪಿಯಲ್ಲಿ ಬರೆಯುವುದು ಮೊದಲ ದಿನದಿಂದಲೇ ರೂಢಿಯಾಗಬೇಕು, ಏಕೆಂದರೆ ಕನ್ನಡದಲ್ಲಿ ಬರೆದುಕೊಂಡ ಕೂಡಲೇ ಕಿವಿಯು ಹೊಸ ಧ್ವನಿಯನ್ನು ಬಿಟ್ಟು ಅದಕ್ಕೆ ಹತ್ತಿರವಾದ ಕನ್ನಡದ ಧ್ವನಿಯನ್ನೇ ಹಿಡಿದುಕೊಳ್ಳುತ್ತದೆ.

ಮೊದಲು ಬಿಡಿ ಧ್ವನಿಗಳು

ಕೊರಿಯನ್‌ನಲ್ಲಿ ಗಂಡಹೆಂಡಿರಿಗೆ ಒಟ್ಟಾಗಿ ಹೇಳುವ ಪದದಲ್ಲಿ ಒಂದೇ ಅಕ್ಷರ ಎರಡು ಸಲ ಬರುತ್ತದೆ. ಬರಹದಲ್ಲಿ ಎರಡೂ ಒಂದೇ, ಆದರೆ ಕಿವಿಗೆ ಬೀಳುವುದು ‘ಪುಬು’ ಎಂದು. ಪದದ ಮೊದಲಿಗೆ ಬಂದಾಗ ಪಕಾರದಂತೆ ಕೇಳಿಸುವ ಅಕ್ಷರ ಎರಡು ಸ್ವರಗಳ ನಡುವೆ ಬಂದಾಗ ಬಕಾರದಂತೆ ಮೆದುವಾಗುತ್ತದೆ. ಪೀಠೋಪಕರಣ ಎಂಬ ಅರ್ಥದ ‘ಕಗು’ ಎಂಬ ಪದದಲ್ಲಿ ಕಕಾರ ಗಕಾರಗಳೂ ಹೀಗೆಯೇ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವುದನ್ನೂ ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆಯಾಗುವುದನ್ನೂ ಆದೇಶ ಸಂಧಿಯ ಪಾಠದಲ್ಲಿ ಓದಿದವರಿಗೆ ಇದರ ತರ್ಕವನ್ನು ವಿವರಿಸಬೇಕಿಲ್ಲ. ಕನ್ನಡದಲ್ಲಿ ಬದಲಾದ ಧ್ವನಿಗೆ ತಕ್ಕಂತೆ ಅಕ್ಷರವನ್ನೂ ಬದಲಿಸಿ ಬರೆಯುತ್ತೇವೆ, ಕೊರಿಯನ್‌ನಲ್ಲಿ ಬರಹ ಹಾಗೆಯೇ ಉಳಿದು ಧ್ವನಿ ಮಾತ್ರ ಬದಲಾಗುತ್ತದೆ, ವ್ಯತ್ಯಾಸ ಅಷ್ಟೇ.

ನಿಜವಾಗಿ ಕಷ್ಟಕೊಡುವುದು ಮೂರು ಬಗೆಯ ವ್ಯಂಜನಗಳು: ಸಾದಾ, ಬಿಗಿ ಮತ್ತು ಉಸಿರು ತುಂಬಿದವು. ಉಸಿರು ತುಂಬಿದವು ನಮ್ಮ ಮಹಾಪ್ರಾಣಗಳಿಗೆ ಹತ್ತಿರ. ಬಿಗಿಯಾದವು ನಮ್ಮ ಒತ್ತಕ್ಷರಗಳನ್ನು ನೆನಪಿಸುತ್ತವೆ. ಅಪ್ಪನಿಗೆ ಕೊರಿಯನ್ ಮಕ್ಕಳು ಕರೆಯುವ ಪದ ಹೆಚ್ಚುಕಡಿಮೆ ನಮ್ಮ ‘ಅಪ್ಪ’ದಂತೆಯೇ ಕೇಳಿಸುತ್ತದೆ, ‘ಆಗಲೇ, ಸ್ವಲ್ಪ ಹೊತ್ತಿನ ಮುಂಚೆ’ ಎಂಬ ಅರ್ಥದ ಪದ ‘ಅಕ್ಕ’ದಂತೆ ಕೇಳಿಸುತ್ತದೆ. ಪದದ ನಡುವೆ ಬಂದಾಗ ಬಿಗಿ ವ್ಯಂಜನವನ್ನು ನಾವು ಸುಲಭವಾಗಿ ಗುರುತಿಸುವುದು ಇದರಿಂದಲೇ. ಅದೇ ಧ್ವನಿ ಪದದ ಮೊದಲಿಗೆ ಬಂದರೆ, ಕನ್ನಡದ ಪದಗಳು ಒತ್ತಕ್ಷರದ ಆ ಬಿಗಿಯಿಂದ ಶುರುವಾಗುವುದಿಲ್ಲವಾದ್ದರಿಂದ, ಕಿವಿ ಅದನ್ನು ಸಾದಾ ಪಕಾರವೆಂದೋ ತಕಾರವೆಂದೋ ಲೆಕ್ಕಕ್ಕೆ ಹಿಡಿಯುತ್ತದೆ. ಚಂದ್ರ, ಮಗಳು, ಮುಖವಾಡ ಎಂಬ ಅರ್ಥದ ಮೂರು ಪದಗಳು ಕ್ರಮವಾಗಿ ತಲ್, ತ್ತಲ್, ಥಲ್ ಎಂದು. ಕೋಣೆ ಮತ್ತು ಬ್ರೆಡ್ಡು ಪಙ್, ಪ್ಪಙ್ ಎಂದು. ಇವನ್ನು ಬೇರ್ಪಡಿಸಲು ವ್ಯಂಜನವನ್ನಷ್ಟೇ ಆಲಿಸಿದರೆ ಸಾಲದು, ಅದರ ಬೆನ್ನಿಗೆ ಬರುವ ಸ್ವರದ ಏರಿಳಿತವನ್ನೂ ಗಮನಿಸಬೇಕು. ಇಂದಿನ ಸಿಯೋಲ್‌ನ ಮಾತಿನಲ್ಲಿ, ಅದರಲ್ಲೂ ಯುವಜನರ ಮಾತಿನಲ್ಲಿ, ಸಾದಾ ವ್ಯಂಜನದ ನಂತರದ ಸ್ವರ ತಗ್ಗಿನಲ್ಲಿ ಶುರುವಾಗುತ್ತದೆ, ಉಳಿದೆರಡರ ನಂತರ ಎತ್ತರದಲ್ಲಿ ಶುರುವಾಗುತ್ತದೆ. ಚಂದ್ರ ತಗ್ಗಿನಲ್ಲಿ, ಮಗಳು ಮತ್ತು ಮುಖವಾಡ ಎತ್ತರದಲ್ಲಿ. ಎತ್ತರದ ಎರಡರಲ್ಲಿ ಉಸಿರು ಕೇಳಿಸಿದರೆ ಮುಖವಾಡ, ಕೇಳಿಸದಿದ್ದರೆ ಮಗಳು. ಈ ಒಂದು ಸುಳಿವು ಸಿಕ್ಕಿದ ಮೇಲೆ ನನಗೆ ತಿಂಗಳುಗಟ್ಟಲೆ ಬಿಡಿಸಲಾಗದೆ ಉಳಿದಿದ್ದ ಗಂಟು ಸಡಿಲವಾಯಿತು.

ಸ್ವರಗಳಲ್ಲಿ ಒಂದು ಜೋಡಿಯನ್ನು ಮಾತ್ರ ಮೊದಲೇ ಸಾಧಿಸಿಕೊಳ್ಳಿ. ಈ ಬರಹದಲ್ಲಿ ‘ಒ’ ಎಂದು ಬರೆದಿರುವ ಸ್ವರಕ್ಕೆ ತುಟಿ ದುಂಡಗಾಗುವುದಿಲ್ಲ, ಬಾಯಿ ತುಸು ತೆರೆದಿರುತ್ತದೆ. ‘ಓ’ ಎಂದು ಬರೆದಿರುವುದಕ್ಕೆ ತುಟಿ ಚೆನ್ನಾಗಿ ದುಂಡಗಾಗುತ್ತದೆ. ಉದ್ದ ಗಿಡ್ಡದ ಪ್ರಶ್ನೆ ಇಲ್ಲಿಲ್ಲ. ‘ಖೊಫಿ’ ಎಂದರೆ ಕಾಫಿ, ‘ಖೋಫಿ’ ಎಂದರೆ ಮೂಗಿನಿಂದ ಸುರಿಯುವ ರಕ್ತ. ಎರಡರಲ್ಲೂ ಫಕಾರವು ಪಕಾರದ ನಿಜವಾದ ಮಹಾಪ್ರಾಣ, ನಾವು ಕಾಫಿ ಎನ್ನುವಾಗ ಹಲ್ಲು ತುಟಿ ತಾಗಿಸಿ ನುಡಿಯುವ ಧ್ವನಿಯಲ್ಲ.

ಇನ್ನು ಪದಗಳ ಕೊನೆಯ ವ್ಯಂಜನ. ಕನ್ನಡದ ಪದಗಳು ಸ್ವರದಿಂದ ಮುಗಿಯುತ್ತವೆ. ಬಸ್ ಬಂದರೆ ಬಸ್ಸು, ಕಾರ್ ಬಂದರೆ ಕಾರು ಎಂದು ಮಾಡಿಕೊಂಡವರು ನಾವು. ಕೊರಿಯನ್‌ನಲ್ಲಿ ಪದದ ಕೊನೆಗೆ ಏಳು ವ್ಯಂಜನ ಧ್ವನಿಗಳಷ್ಟೇ ಬರಬಲ್ಲವು, ಅವುಗಳಲ್ಲಿ ಕ್, ತ್, ಪ್ ಎಂಬ ಮೂರನ್ನು ಉಸಿರು ತಡೆದು ಅಲ್ಲಿಗೇ ನಿಲ್ಲಿಸುತ್ತಾರೆ, ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಹೀಗಾಗಿ ಆ ವ್ಯಂಜನ ನಮಗೆ ಕೇಳಿಸುವುದೇ ಇಲ್ಲ. ಅಲ್ಲಿ ಹುಡುಕಬೇಕಾದದ್ದು ಹಠಾತ್ತನೆ ತುಂಡಾಗುವ ಸ್ವರವನ್ನು.

ಸಂಧಿಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ

ವಾಕ್ ಮತ್ತು ಮಯ ಸೇರಿದರೆ ವಾಙ್ಮಯ, ಷಟ್ ಮತ್ತು ಮುಖ ಸೇರಿದರೆ ಷಣ್ಮುಖ, ಸತ್ ಮತ್ತು ಮಾನ ಸೇರಿದರೆ ಸನ್ಮಾನ. ವರ್ಗದ ವ್ಯಂಜನದ ಮುಂದೆ ಅನುನಾಸಿಕ ಬಂದರೆ ಮೊದಲಿನದೂ ತನ್ನ ವರ್ಗದ ಅನುನಾಸಿಕವಾಗುತ್ತದೆ ಎಂಬ ಅನುನಾಸಿಕ ಸಂಧಿಯ ಈ ನಿಯಮವನ್ನು ಹಾಗೆಯೇ ಕೊರಿಯನ್‌ಗೆ ಹಚ್ಚಬಹುದು. ಸಾರು ಅಥವಾ ರಸ ಎಂಬ ಅರ್ಥದ ಪದವನ್ನು ಕುಕ್ ಮತ್ತು ಮುಲ್ ಎಂದು ಬರೆಯುತ್ತಾರೆ, ನುಡಿಯುವಾಗ ಅದು ‘ಕುಙ್ಮುಲ್’. ಎಲ್ಲರಿಗೂ ಗೊತ್ತಿರುವ ‘ಕಮ್ಸಾಹಮ್ನಿದ’ ಎಂಬ ಧನ್ಯವಾದದಲ್ಲಿ ಬರೆದಿರುವುದು ‘ಹಪ್-ನಿ-ದ’ ಎಂದು. ನಕಾರದ ಸಂಗದಲ್ಲಿ ಪಕಾರ ಮಕಾರವಾಗಿದೆ. ಔಪಚಾರಿಕ ಮಾತಿನ ಹೆಚ್ಚಿನ ವಾಕ್ಯಗಳು ಹೀಗೆ ಮುಗಿಯುವುದರಿಂದ, ಈ ಒಂದು ನಿಯಮ ನಿಮಗೆ ಹೆಚ್ಚುಕಡಿಮೆ ಪ್ರತಿ ವಾಕ್ಯದ ಕೊನೆಯಲ್ಲಿ ಎದುರಾಗುತ್ತದೆ. ಉತ್ ಮತ್ತು ಲೇಖ ಸೇರಿ ಉಲ್ಲೇಖವಾಗುವ ರೀತಿಯನ್ನು ಹೋಲುವ ಬದಲಾವಣೆಯೂ ಅಲ್ಲಿದೆ. ಸಂಪರ್ಕ ಎಂಬ ಅರ್ಥದ, ‘ಯೊನ್-ರಕ್’ ಎಂದು ಬರೆದ ಪದ ಕಿವಿಗೆ ‘ಯೊಲ್ಲಕ್’ ಎಂದು ಬೀಳುತ್ತದೆ. ಪದದ ಕೊನೆಯ ವ್ಯಂಜನ ಮುಂದಿನ ಸ್ವರಕ್ಕೆ ಜಾರಿಕೊಳ್ಳುವುದಂತೂ ಎಲ್ಲೆಲ್ಲೂ ಉಂಟು. ಕೊರಿಯನ್ ಭಾಷೆ ಎಂಬ ಪದವೇ ‘ಹನ್-ಗುಕ್-ಒ’ ಎಂದು ಬರೆಯಲ್ಪಟ್ಟು ‘ಹನ್ಗುಗೊ’ ಎಂದು ನುಡಿಯಲ್ಪಡುತ್ತದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುವಂತೆ ಹಕಾರವೂ ಪದದ ನಡುವೆ ಸವೆದುಹೋಗುತ್ತದೆ. ದೂರವಾಣಿ ಎಂಬ ಅರ್ಥದ ‘ಚೊನ್ಹ್ವಾ’ ಆಡುಮಾತಿನಲ್ಲಿ ‘ಚೊನ್ವಾ’ ಎಂದೋ, ಇನ್ನೂ ಸವೆದು ‘ಚೊನಾ’ ಎಂದೋ ಕೇಳಿಸುತ್ತದೆ.

ಈ ನಿಯಮಗಳನ್ನು ಕೋಷ್ಟಕದಂತೆ ಬಾಯಿಪಾಠ ಮಾಡುವುದಕ್ಕಿಂತ, ಪ್ರತಿ ಹೊಸ ಪದವನ್ನು ಕಲಿಯುವಾಗಲೇ ಅದರ ನುಡಿಯ ರೂಪವನ್ನೂ ಕಲಿಯುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆ ಕಲಿಯುವವರಿಗಾಗಿ ರೂಪಿಸಿದ ಮೂಲ ನಿಘಂಟು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಪದದ ಪಕ್ಕದ ಚೌಕ ಆವರಣದಲ್ಲಿ ಅದನ್ನು ನಿಜವಾಗಿ ನುಡಿಯುವ ರೂಪವನ್ನು ಹಂಗುಲ್‌ನಲ್ಲಿಯೇ ಕೊಟ್ಟಿರುತ್ತಾರೆ, ಒತ್ತಿದರೆ ಧ್ವನಿಯೂ ಕೇಳಿಸುತ್ತದೆ. ಪದಪಟ್ಟಿ ಮಾಡಿಕೊಳ್ಳುವವರು ಅರ್ಥದ ಕಾಲಮ್ಮಿನ ಜೊತೆಗೆ ಆ ಆವರಣದ ರೂಪಕ್ಕೂ ಒಂದು ಕಾಲಮ್ಮು ಹಾಕಿಕೊಳ್ಳಬೇಕು. ಧ್ವನಿ ಕೇಳದೆ ಯಾವ ಪದವನ್ನೂ ಪಟ್ಟಿಗೆ ಸೇರಿಸಬಾರದು.

ವಾಕ್ಯದ ಕಟ್ಟಡದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ನಾಮಪದದ ಬೆನ್ನಿಗೆ ವಿಭಕ್ತಿಯಂತಹ ಪ್ರತ್ಯಯ. ಇಂಗ್ಲಿಷ್ ಮಾತ್ರ ಬಲ್ಲವರು ವಾಕ್ಯದ ಕೊನೆಯವರೆಗೆ ಕಾಯುವುದನ್ನು ಹೊಸದಾಗಿ ಕಲಿಯಬೇಕು, ನಮಗೆ ಅದು ಹುಟ್ಟಿನಿಂದ ಬಂದದ್ದು. ‘ಮೊಗೊ ಬ್ವಾಯೋ’ ಎಂದರೆ ಅಕ್ಷರಶಃ ‘ತಿಂದು ನೋಡಿ’, ‘ಓನ್ದೆಯೋ’ ಎಂದರೆ ‘ಬರುತ್ತಾರಂತೆ’. ಆದುದರಿಂದ ಕೊರಿಯನ್ ವಾಕ್ಯವನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಅರ್ಥ ಮಾಡಿಕೊಳ್ಳುವ ಅಭ್ಯಾಸವನ್ನು ಬಿಡಿ. ಪಾಠಗಳು ಇಂಗ್ಲಿಷ್ ವಿವರಣೆಯಲ್ಲಿ ಇರುವುದರಿಂದ ನಮ್ಮಲ್ಲಿ ಬಹಳ ಮಂದಿ ಆ ಸುತ್ತುದಾರಿಯನ್ನು ಹಿಡಿಯುತ್ತಾರೆ. ವಾಕ್ಯವನ್ನು ಹಿಂದುಮುಂದು ಮಾಡುವಷ್ಟರಲ್ಲಿ ಮುಂದಿನ ವಾಕ್ಯ ಕಳೆದುಹೋಗಿರುತ್ತದೆ. ಕನ್ನಡದಲ್ಲಿ ಅರ್ಥ ಮಾಡಿಕೊಂಡರೆ ಬಂದ ಕ್ರಮದಲ್ಲಿಯೇ ಹಿಡಿಯಬಹುದು.

ಹತ್ತು ಸೆಕೆಂಡಿನ ತುಣುಕು, ಇಪ್ಪತ್ತು ನಿಮಿಷದ ಕೆಲಸ

ಈಗ ಅಭ್ಯಾಸದ ತಿರುಳಿಗೆ ಬರೋಣ. ಆರಂಭದಲ್ಲಿ ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು, ಆದರೆ ದಿನವೂ ಇರಬೇಕು. ಕೇಳುವ ತುಣುಕು ಹತ್ತರಿಂದ ಮೂವತ್ತು ಸೆಕೆಂಡಿಗಿಂತ ಉದ್ದವಿರಬಾರದು, ಅದರ ಲಿಖಿತ ಪಾಠ ಕೈಯಲ್ಲಿರಲೇಬೇಕು, ಅದರಲ್ಲಿನ ಮುಕ್ಕಾಲುಪಾಲು ಪದಗಳು ಗೊತ್ತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆ ತುಣುಕನ್ನು ಬದಿಗಿಟ್ಟು ಬೇರೊಂದನ್ನು ಆರಿಸಿಕೊಳ್ಳಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಾಫಿ ಅಂಗಡಿಯೊಂದರ ಸಂಭಾಷಣೆ ಎಂದಿಟ್ಟುಕೊಳ್ಳಿ. ಆರಂಭಿಕ ಪಠ್ಯಗಳಲ್ಲೆಲ್ಲ ಇಂಥದೊಂದು ಇದ್ದೇ ಇರುತ್ತದೆ. ಅಂಗಡಿಯವಳು ‘ಮ್ವೊ ತುರಿಲ್‌ಕ್ಕಾಯೋ?’ ಎಂದು ಕೇಳುತ್ತಾಳೆ: ಏನು ಕೊಡಲಿ? ಬಂದವನು ‘ಅಯಿಸು ಅಮೆರಿಖಾನೋ ತು ಜನ್ ಜುಸೆಯೋ’ ಎನ್ನುತ್ತಾನೆ: ಐಸ್ ಅಮೆರಿಕಾನೋ ಎರಡು ಲೋಟ ಕೊಡಿ. ಅವಳು ‘ತುಶಿಗೋ ಗಸೆಯೋ?’ ಎನ್ನುತ್ತಾಳೆ: ಇಲ್ಲೇ ಕುಡಿದು ಹೋಗುತ್ತೀರಾ? ಅವನು ‘ಅನಿಯೋ, ಕಜೊಗಲ್‌ಕ್ಕೆಯೋ’ ಎನ್ನುತ್ತಾನೆ: ಇಲ್ಲ, ತೆಗೆದುಕೊಂಡು ಹೋಗುತ್ತೇನೆ. ಕೊನೆಗೆ ಅವಳು ‘ಕುಛೊನ್ ವೊನಿಮ್ನಿದ’ ಎಂದು ಬೆಲೆ ಹೇಳುತ್ತಾಳೆ: ಒಂಬತ್ತು ಸಾವಿರ ವೊನ್.

ಮೊದಲ ಸಲ ಕಣ್ಣು ಮುಚ್ಚಿ, ಏನನ್ನೂ ಬರೆಯದೆ ಕೇಳಬೇಕು. ಎಲ್ಲಿ ನಡೆಯುತ್ತಿದೆ, ಎಷ್ಟು ಜನ ಮಾತನಾಡುತ್ತಿದ್ದಾರೆ, ಯಾರ ದನಿಯಲ್ಲಿ ಪ್ರಶ್ನೆ ಇದೆ ಎಂಬುದಷ್ಟೇ ಆಗ ಬೇಕಾದದ್ದು. ಎರಡನೆಯ ಸಲದಿಂದ ಒಂದೊಂದೇ ವಾಕ್ಯವನ್ನು ನಿಲ್ಲಿಸಿ, ಕೇಳಿಸಿದಂತೆ ಹಂಗುಲ್‌ನಲ್ಲಿ ಬರೆಯಬೇಕು. ಅರ್ಥವಾಗದ ಕಡೆ ಖಾಲಿ ಬಿಡದೆ, ಕೇಳಿಸಿದ ಧ್ವನಿಯನ್ನು ತಪ್ಪಾದರೂ ಸರಿ ಬರೆಯಬೇಕು. ಆ ತಪ್ಪೇ ಮುಂದಿನ ಪಾಠ. ಒಂದು ವಾಕ್ಯಕ್ಕೆ ನಾಲ್ಕೈದು ಸಲ ಕೇಳಿಯೂ ಆಗದಿದ್ದರೆ ಮುಂದಕ್ಕೆ ಹೋಗಿ. ಇದೆಲ್ಲ ಮುಗಿದ ಮೇಲೆಯೇ ಲಿಖಿತ ಪಾಠವನ್ನು ತೆರೆದು, ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊಳ್ಳಬೇಕು.

ತಿದ್ದುವಾಗ ಪ್ರತಿ ತಪ್ಪಿನ ಪಕ್ಕದಲ್ಲಿ ಅದರ ಕಾರಣವನ್ನು ಬರೆಯುವುದು ಈ ವಿಧಾನದ ಜೀವಾಳ. ಮೇಲಿನ ತುಣುಕಿನಲ್ಲಿಯೇ ನಾಲ್ಕು ಬೇರೆಬೇರೆ ಕಾರಣಗಳು ಸಿಗುತ್ತವೆ. ‘ತುಶಿಗೋ’ ಎಂಬುದು ಸರಿಯಾಗಿಯೇ ಕೇಳಿಸಿರಬಹುದು, ಆದರೆ ತಿನ್ನುವುದಕ್ಕೆ ‘ಮೊಕ್ತ’ ಎಂಬ ಕ್ರಿಯಾಪದವನ್ನಷ್ಟೇ ಕಲಿತಿದ್ದವರಿಗೆ ಅದರ ಗೌರವರೂಪ ಬೇರೆಯೇ ಪದ ಎಂಬುದು ಗೊತ್ತಿರುವುದಿಲ್ಲ. ಇದು ಪದಸಂಪತ್ತಿನ ಕೊರತೆ. ‘ಗಲ್‌ಕ್ಕೆಯೋ’ ಎಂದು ಕೇಳಿದ್ದನ್ನು ಬಿಗಿ ವ್ಯಂಜನದಲ್ಲಿ ಬರೆದಿದ್ದರೆ ನಿಮ್ಮ ಕಿವಿ ಸರಿಯಾಗಿಯೇ ಇದೆ, ಬರಹದಲ್ಲಿ ಅಲ್ಲಿ ಸಾದಾ ಅಕ್ಷರವಿದೆ. ಇದು ಸಂಧಿಯ ವಿಷಯ. ‘ತು ಜನ್’ ಒಂದೇ ಪದದಂತೆ ಕೇಳಿಸಿ ಗೊಂದಲವಾಗಿದ್ದರೆ ಅದು ಪದ ಬಿಡಿಸುವ ತೊಡಕು. ಎರಡು ಎಂಬ ಸಂಖ್ಯೆ ‘ತುಲ್’, ಎಣಿಕೆಯ ಪದದ ಹಿಂದೆ ಬಂದಾಗ ‘ತು’ ಆಗುತ್ತದೆ. ‘ಕುಛೊನ್’ ಸ್ಪಷ್ಟವಾಗಿ ಕೇಳಿ, ಅದು ಒಂಬತ್ತು ಸಾವಿರವೆಂದು ಹೊಳೆಯಲು ಐದು ಸೆಕೆಂಡು ಹಿಡಿದಿದ್ದರೆ ಅಲ್ಲಿ ಕೊರತೆ ಇರುವುದು ಚುರುಕಿನದು. ಮೊದಲನೆಯದಕ್ಕೆ ನಿಘಂಟು, ಎರಡನೆಯದಕ್ಕೆ ನಿಯಮ, ಮೂರನೆಯದಕ್ಕೆ ಅದೇ ತುಣುಕನ್ನು ಮತ್ತೆ ಮತ್ತೆ ಕೇಳುವುದು, ನಾಲ್ಕನೆಯದಕ್ಕೆ ಅದೊಂದನ್ನೇ ಬೇರೆ ಬೇರೆ ಉದಾಹರಣೆಗಳಲ್ಲಿ ತಿಕ್ಕುವುದು. ಎರಡು ವಾರ ಹೀಗೆ ಗುರುತು ಹಾಕಿಕೊಂಡರೆ ನಿಮ್ಮ ತಪ್ಪುಗಳು ಯಾವ ಬಗೆಯವು ಎಂಬುದು ಪುಸ್ತಕದಲ್ಲಿಯೇ ಎದ್ದು ಕಾಣುತ್ತದೆ. ನನ್ನ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಸಂಧಿಯವೇ ಆಗಿದ್ದವು. ಹೊಸ ಪದಗಳನ್ನು ಕಲಿಯುವುದರಲ್ಲಿ ಕಳೆಯುತ್ತಿದ್ದ ಹೊತ್ತಿನ ಒಂದು ಭಾಗವನ್ನು ಆ ಕಡೆಗೆ ತಿರುಗಿಸಿದ ಮೇಲೆಯೇ ಏಳಿಗೆ ಕಂಡದ್ದು.

ಕೊನೆಯ ಐದು ನಿಮಿಷ ಬಾಯಿಗೆ ಮೀಸಲು. ಧ್ವನಿಯನ್ನು ಹಚ್ಚಿ, ಅರ್ಧ ಸೆಕೆಂಡು ಹಿಂದೆ ನಿಂತು, ಅದೇ ಏರಿಳಿತದಲ್ಲಿ ಜೊತೆಜೊತೆಗೆ ನುಡಿಯಿರಿ. ಮೊದಲು ಪಾಠ ನೋಡಿಕೊಂಡು, ಆಮೇಲೆ ನೋಡದೆ. ‘ಕುಙ್ಮುಲ್’ ಎಂದು ನಾಲ್ಕು ಸಲ ಬಾಯಲ್ಲಿ ಬಂದ ಮೇಲೆ ಕಿವಿಗೆ ಅದು ಅಪರಿಚಿತವಾಗಿ ಉಳಿಯುವುದಿಲ್ಲ. ನಿಮ್ಮ ದನಿಯನ್ನು ಫೋನಿನಲ್ಲಿ ಮುದ್ರಿಸಿ ಮೂಲದೊಂದಿಗೆ ಹೋಲಿಸಿದರೆ ಇನ್ನೂ ಒಳ್ಳೆಯದು. ಮರುದಿನ ಹೊಸ ತುಣುಕಿಗೆ ಹೋಗುವ ಮೊದಲು ಹಿಂದಿನ ದಿನದ್ದನ್ನು ಪುಸ್ತಕ ನೋಡದೆ ಒಮ್ಮೆ ಕೇಳಿ.

ವೇಗ ತಗ್ಗಿಸುವ ಸೌಲಭ್ಯದ ಬಗ್ಗೆ ಒಂದು ಮಾತು. ಯೂಟ್ಯೂಬ್‌ನಲ್ಲಿಯೂ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿಯೂ ವೇಗವನ್ನು ಮುಕ್ಕಾಲಿಗೆ ಇಳಿಸಬಹುದು. ಒಂದು ಧ್ವನಿ ಏನೆಂದು ಪರೀಕ್ಷಿಸಲು ಒಮ್ಮೆ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಅದೇ ರೂಢಿಯಾದರೆ ಕಿವಿ ನಿಜವಾದ ಲಯವನ್ನು ಕಲಿಯುವುದಿಲ್ಲ. ಅದಕ್ಕಿಂತ ವಿಎಲ್‌ಸಿಯಲ್ಲಿ ಎರಡು ಬಿಂದುಗಳ ನಡುವಿನ ಭಾಗವನ್ನೇ ಸುತ್ತಿಸುತ್ತಾ ಇರುವ ಸೌಲಭ್ಯವನ್ನು ಬಳಸಿ, ಮೂರು ಸೆಕೆಂಡಿನ ಮಾತನ್ನು ಸಹಜ ವೇಗದಲ್ಲಿ ಹತ್ತು ಸಲ ಕೇಳುವುದು ಹೆಚ್ಚು ಫಲಕಾರಿ.

ಸಂಖ್ಯೆಗಳಿಗೆ ಪ್ರತ್ಯೇಕ ಅಭ್ಯಾಸ ಬೇಕು

ಓದುವಾಗ ಸಂಖ್ಯೆಗಳು ಅಂಕಿಗಳಲ್ಲಿರುವುದರಿಂದ ಅವುಗಳ ಧ್ವನಿ ಕಿವಿಗೆ ಬೀಳುವುದೇ ಇಲ್ಲ. ಆಲಿಸುವಾಗ ಆ ಕೊರತೆ ಒಮ್ಮೆಗೇ ಎದುರಾಗುತ್ತದೆ. ಕೊರಿಯನ್‌ನಲ್ಲಿ ದೇಸಿ ಸಂಖ್ಯೆಗಳ ಸಾಲೊಂದು, ಚೀನೀ ಮೂಲದ ಸಾಲೊಂದು ಇದೆ. ಗಂಟೆಯನ್ನು ದೇಸಿ ಸಂಖ್ಯೆಯಲ್ಲಿ, ಅದೇ ಉಸಿರಿನಲ್ಲಿ ನಿಮಿಷವನ್ನು ಚೀನೀ ಮೂಲದ ಸಂಖ್ಯೆಯಲ್ಲಿ ಹೇಳುತ್ತಾರೆ. ಮೂರೂವರೆಗೆ ‘ಸೆ ಶಿ ಸಮ್ಶಿಪ್ಪುನ್’: ಮೂರು ಗಂಟೆಯ ಮೂರಕ್ಕೆ ‘ಸೆ’, ಮೂವತ್ತು ನಿಮಿಷದ ಮೂರಕ್ಕೆ ‘ಸಮ್’. ಹಣ, ದಿನಾಂಕ, ಫೋನ್ ಸಂಖ್ಯೆಗಳು ಚೀನೀ ಮೂಲದಲ್ಲಿ. ಆಡುಮಾತಿನಲ್ಲಿ ವಯಸ್ಸು ಮತ್ತು ವಸ್ತುಗಳ ಎಣಿಕೆ ದೇಸಿಯಲ್ಲಿ.

ದೊಡ್ಡ ಮೊತ್ತಗಳಲ್ಲಿ ಎಣಿಕೆ ನಡೆಯುವುದು ಹತ್ತು ಸಾವಿರಗಳ ಲೆಕ್ಕದಲ್ಲಿ. ಹತ್ತು ಸಾವಿರಕ್ಕೆ ‘ಮನ್’. ಹೀಗಾಗಿ 35,000 ಎಂದರೆ ಮೂರು ಮನ್ ಐದು ಸಾವಿರ, ‘ಸಮ್ಮನ್ ಓಛೊನ್’. ನಮಗೆ ಇಲ್ಲಿಯೂ ಒಂದು ಅನುಕೂಲವಿದೆ, ಏಕೆಂದರೆ ಲಕ್ಷ, ಕೋಟಿಗಳಲ್ಲಿ ಯೋಚಿಸುವವರಿಗೆ ಮಿಲಿಯನ್ನಿನ ಮೂಲಕ ಹಾದುಹೋಗುವ ಅಗತ್ಯವಿಲ್ಲ. ಹತ್ತು ಮನ್ ಎಂದರೆ ಒಂದು ಲಕ್ಷ, ನೂರು ಮನ್ ಎಂದರೆ ಹತ್ತು ಲಕ್ಷ, ಸಾವಿರ ಮನ್ ಎಂದರೆ ಒಂದು ಕೋಟಿ. ಇವು ಕೇಳಿಸುವ ರೀತಿಯನ್ನು ಗಮನಿಸಿ. ಹತ್ತಕ್ಕೆ ‘ಶಿಪ್’, ಆದರೆ ಲಕ್ಷಕ್ಕೆ ‘ಶಿಮ್ಮನ್’. ನೂರಕ್ಕೆ ‘ಪೆಕ್’, ಆದರೆ ಹತ್ತು ಲಕ್ಷಕ್ಕೆ ‘ಪೆಙ್ಮನ್’. ಅದೇ ಅನುನಾಸಿಕ ಸಂಧಿ. ಮನೆಯಲ್ಲಿ ಅಭ್ಯಾಸ ಮಾಡಲು ಸುಲಭವಾದ ದಾರಿಯೊಂದಿದೆ: ಕಾಗದದ ಚೀಟಿಗಳಲ್ಲಿ ಬೆಲೆಗಳನ್ನೂ ಸಮಯಗಳನ್ನೂ ಬರೆದು, ಫೋನಿನ ಧ್ವನಿವಾಚಕದಿಂದ ಅವುಗಳನ್ನು ಕೊರಿಯನ್‌ನಲ್ಲಿ ಓದಿಸಿ ಮುದ್ರಿಸಿಟ್ಟುಕೊಂಡು, ಮರುದಿನ ಕ್ರಮ ತಪ್ಪಿಸಿ ಕೇಳಿ ಅಂಕಿಗಳಲ್ಲಿ ಬರೆಯುವುದು. ಬರೆಯಲು ಎರಡು ಸೆಕೆಂಡಿಗಿಂತ ಹೆಚ್ಚು ಬೇಕಾದವನ್ನು ಬೇರೆ ತೆಗೆದಿಟ್ಟು ಮತ್ತೆ ಕೇಳಿ.

ಯಾವುದನ್ನು ಕೇಳಬೇಕು

ಪಠ್ಯಪುಸ್ತಕದ ಧ್ವನಿಮುದ್ರಿಕೆಗಳು ಬೇಸರ ತರಿಸುತ್ತವೆ ಎಂದು ಅನೇಕರು ಅವನ್ನು ಬಿಟ್ಟುಬಿಡುತ್ತಾರೆ. ಮೊದಲ ಆರು ತಿಂಗಳು ಅವಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ ಎಂದೇ ಹೇಳುತ್ತೇನೆ, ಏಕೆಂದರೆ ಪದಗಳ ಮಿತಿಯೂ ಲಿಖಿತ ಪಾಠವೂ ಎರಡೂ ಅಲ್ಲಿ ಸಿಗುತ್ತವೆ. ಅವುಗಳ ಜೊತೆಗೆ ‘ಟಾಕ್ ಟು ಮಿ ಇನ್ ಕೊರಿಯನ್’ ಎಂಬ ಅಂತರಜಾಲ ಪಾಠಮಾಲೆಯ ಆರಂಭಿಕ ಪಾಠಗಳನ್ನು ಕೇಳಬಹುದು, ವಿವರಣೆ ಇಂಗ್ಲಿಷಿನಲ್ಲಿದ್ದರೂ ಉದಾಹರಣೆಗಳನ್ನು ಸಹಜ ಉಚ್ಚಾರಣೆಯಲ್ಲಿ ಕೊಡುತ್ತಾರೆ. ನೇವರ್ ಎಂಬ ಕೊರಿಯನ್ ಜಾಲತಾಣದ ನಿಘಂಟಿನಲ್ಲಿಯೂ ಪದಗಳ ಧ್ವನಿ ಸಿಗುತ್ತದೆ.

ಟಾಪಿಕ್ ಪರೀಕ್ಷೆಯ ಹಿಂದಿನ ಪ್ರಶ್ನೆಪತ್ರಿಕೆಗಳು ಇನ್ನೊಂದು ಒಳ್ಳೆಯ ಆಕರ. ಕೊರಿಯನ್ ಭಾಷಾ ಸಾಮರ್ಥ್ಯದ ಈ ಪರೀಕ್ಷೆ 1997ರಲ್ಲಿ ಆರಂಭವಾಯಿತು. ಅದರ ಮೊದಲ ಹಂತದಲ್ಲಿ ಆಲಿಸುವ ಭಾಗಕ್ಕೆ 40 ನಿಮಿಷ, 30 ಪ್ರಶ್ನೆ, 100 ಅಂಕ. ಓದುವ ಭಾಗಕ್ಕೆ 60 ನಿಮಿಷ, 40 ಪ್ರಶ್ನೆ, 100 ಅಂಕ. ಒಟ್ಟು 200ರಲ್ಲಿ 80 ಬಂದರೆ ಒಂದನೆಯ ಮಟ್ಟ, 140 ಬಂದರೆ ಎರಡನೆಯ ಮಟ್ಟ. ಪರೀಕ್ಷೆ ಬರೆಯುವ ಉದ್ದೇಶವಿಲ್ಲದವರಿಗೂ ಇದರ ಆಲಿಸುವ ಪ್ರಶ್ನೆಗಳು ಉಪಯುಕ್ತ. ಮೊದಲ ಪ್ರಶ್ನೆಗಳಲ್ಲಿ ಒಬ್ಬರು ಒಂದು ವಾಕ್ಯ ಕೇಳುತ್ತಾರೆ, ನಾಲ್ಕು ಉತ್ತರಗಳಲ್ಲಿ ಹೊಂದುವುದನ್ನು ಆರಿಸಬೇಕು. ಮುಂದೆ ಎರಡು ಸಾಲಿನ ಮಾತು ಕೇಳಿ ಅದು ನಡೆಯುತ್ತಿರುವ ಸ್ಥಳ ಯಾವುದೆಂದು ಹೇಳಬೇಕು, ಅದಾದ ಮೇಲೆ ಯಾವುದರ ಬಗ್ಗೆ ಮಾತು ಎಂದು ಹೇಳಬೇಕು. ಎಲ್ಲ ಪದಗಳೂ ಅರ್ಥವಾಗದಿದ್ದರೂ ಸಂದರ್ಭವನ್ನು ಹಿಡಿಯುವ ಕೌಶಲ ಇದರಿಂದ ಬೆಳೆಯುತ್ತದೆ. ಹಿಂದಿನ ಕೆಲವು ಪರೀಕ್ಷೆಗಳ ಪ್ರಶ್ನೆ ಮತ್ತು ಧ್ವನಿ ಎರಡೂ ಅಧಿಕೃತ ತಾಣದಲ್ಲಿ ಉಚಿತವಾಗಿವೆ. ಒಂದೇ ಕೂರಿಕೆಯಲ್ಲಿ ಮೂವತ್ತನ್ನೂ ಮುಗಿಸಬೇಡಿ. ದಿನಕ್ಕೆ ಎರಡು ಪ್ರಶ್ನೆ ತೆಗೆದುಕೊಂಡು ಮೇಲೆ ಹೇಳಿದ ರೀತಿಯಲ್ಲಿ ಬರೆದು ತಿದ್ದಿದರೆ ಒಂದು ಪತ್ರಿಕೆ ಹದಿನೈದು ದಿನಕ್ಕೆ ಬರುತ್ತದೆ.

ಧಾರಾವಾಹಿಗಳ ಮೂಲಕವೇ ಕೊರಿಯನ್ ಕಡೆಗೆ ಬಂದವರು ನಮ್ಮಲ್ಲಿ ಬಹಳ. ಆ ಪ್ರೀತಿ ದೊಡ್ಡ ಆಸ್ತಿ, ಆದರೆ ಇಂಗ್ಲಿಷ್ ಉಪಶೀರ್ಷಿಕೆಯೊಂದಿಗೆ ನೋಡುವಾಗ ನಡೆಯುವುದು ಓದು, ಆಲಿಸುವುದಲ್ಲ. ನೋಡಿದ ಕಂತಿನಲ್ಲಿ ನಿಮಗೆ ಇಷ್ಟವಾದ ಇಪ್ಪತ್ತು ಸೆಕೆಂಡಿನ ದೃಶ್ಯವೊಂದನ್ನು ಆರಿಸಿ, ಮರುದಿನ ಕೊರಿಯನ್ ಉಪಶೀರ್ಷಿಕೆ ಹಾಕಿಕೊಂಡು ಅದೊಂದನ್ನೇ ಅಭ್ಯಾಸದ ತುಣುಕಾಗಿ ಬಳಸಿ. ಮನೆಯವರು ಊಟಕ್ಕೆ ಕುಳಿತ ದೃಶ್ಯ, ಅಂಗಡಿಯ ದೃಶ್ಯ, ಫೋನ್ ಮಾತುಕತೆ ಒಳ್ಳೆಯವು. ನ್ಯಾಯಾಲಯ, ಆಸ್ಪತ್ರೆ, ಅರಮನೆಯ ದೃಶ್ಯಗಳನ್ನು ಸದ್ಯಕ್ಕೆ ಬಿಡಿ. ಬೂಸಾನ್ ಕಡೆಯ ಪಾತ್ರಗಳ ಮಾತು ಅರ್ಥವಾಗದಿದ್ದರೆ ಎದೆಗುಂದಬೇಡಿ, ಪಠ್ಯದಲ್ಲಿ ಕಲಿಯುವುದು ಸಿಯೋಲ್‌ನ ಶಿಷ್ಟ ರೂಪ. ಮೈಸೂರಿನ ಕನ್ನಡವನ್ನಷ್ಟೇ ಕಲಿತವರಿಗೆ ಧಾರವಾಡದ ಮಾತು ಮೊದಲಿಗೆ ತೊಡಕಾಗುವುದಿಲ್ಲವೇ? ನಾವು ‘ಬರುತ್ತೇನೆ’ ಎಂದು ಬರೆದು ‘ಬರ್ತೀನಿ’ ಎನ್ನುವಂತೆ ಅಲ್ಲಿಯೂ ಆಡುಮಾತಿನಲ್ಲಿ ಪದಗಳು ಕುಗ್ಗುತ್ತವೆ. ‘ಮುಒಸುಲ್’ ಎಂಬುದು ‘ಮ್ವೊಲ್’ ಆಗುತ್ತದೆ, ‘ಇಗೊಶಿ’ ಎಂಬುದು ‘ಇಗೆ’ ಆಗುತ್ತದೆ. ಇಂಥವು ಸಿಕ್ಕಾಗಲೆಲ್ಲ ಪುಸ್ತಕದ ಹಿಂಬದಿಯ ಪುಟದಲ್ಲಿ ಜೋಡಿಯಾಗಿ ಬರೆದಿಡಿ. ಹಾಡುಗಳಲ್ಲಿ ರಾಗಕ್ಕಾಗಿ ಸ್ವರಗಳನ್ನು ಎಳೆಯುವುದರಿಂದ ಅವು ಪದಗಳನ್ನು ನೆನಪಿನಲ್ಲಿಡಲು ಒಳ್ಳೆಯವು, ಮಾತಿನ ಲಯ ಕಲಿಯಲು ಅಷ್ಟಾಗಿ ಅಲ್ಲ. ಒಂದು ವಿಷಯ ಮಾತ್ರ ಹಾಡು ಕೇಳುವವರಿಗೆ ತಿಳಿದಿರಲಿ. ‘ನನ್ನ’ ಮತ್ತು ‘ನಿನ್ನ’ ಎಂಬ ಪದಗಳನ್ನು ಬರಹದಲ್ಲಿ ಬೇರೆ ಸ್ವರಗಳಿಂದ ಬರೆದರೂ ಇಂದಿನ ಉಚ್ಚಾರಣೆಯಲ್ಲಿ ಎರಡೂ ‘ನೆ’ ಎಂದೇ ಕೇಳಿಸುವುದರಿಂದ, ನಿನ್ನ ಎಂಬುದನ್ನು ‘ನಿ’ ಎಂದು ಬದಲಿಸಿ ನುಡಿಯುವ ರೂಢಿ ಬಂದಿದೆ.

ಮೂರು ನಾಲ್ಕು ತಿಂಗಳ ಅಭ್ಯಾಸದ ನಂತರ, ಯಾರೂ ಕಲಿಯುವವರಿಗಾಗಿ ನಿಧಾನಗೊಳಿಸದ ಮಾತನ್ನು ಕೇಳಿ ನೋಡಬೇಕೆನಿಸಿದರೆ ಸಿಯೋಲ್ ಮೆಟ್ರೋದ ಪ್ರಕಟಣೆಯಿಂದ ಶುರುಮಾಡಿ. ರೈಲಿನೊಳಗೆ ಮುದ್ರಿಸಿದ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ, ವಾಕ್ಯಗಳ ಅಚ್ಚು ಬದಲಾಗುವುದಿಲ್ಲ, ನಿಲ್ದಾಣದ ಹೆಸರಷ್ಟೇ ಬದಲಾಗುತ್ತದೆ. 3ನೇ ಮಾರ್ಗದಲ್ಲಿ, 1897ರಲ್ಲಿ ಪೂರ್ಣಗೊಂಡ ಸ್ವಾತಂತ್ರ್ಯದ್ವಾರದ ಬಳಿ ಒಂದು ನಿಲ್ದಾಣವಿದೆ. ಅದರ ಹೆಸರನ್ನು ಅಕ್ಷರ ಹಿಡಿದು ಓದಿದರೆ ‘ತೋಕ್-ರಿಪ್-ಮುನ್’. ರೈಲಿನಲ್ಲಿ ಕೇಳಿಸುವುದು ಹೀಗೆ: ‘ಇಬೊನ್ ಯೊಗುನ್ ತೋಙ್ನಿಮ್ಮುನ್, ತೋಙ್ನಿಮ್ಮುನ್‌ನ್ಯೊಗಿಮ್ನಿದ.’ ಕಕಾರ ಙಕಾರವಾಗಿದೆ, ರಕಾರ ನಕಾರವಾಗಿದೆ, ಪಕಾರ ಮಕಾರವಾಗಿದೆ, ನಿಲ್ದಾಣ ಎಂಬ ಅರ್ಥದ ‘ಯೊಕ್’ನ ಮೊದಲಿಗೆ ಬರಹದಲ್ಲಿಲ್ಲದ ನಕಾರವೊಂದು ಬಂದು ಸೇರಿದೆ. ಅದರ ಹಿಂದೆಯೇ ‘ನೆರಿಶಿಲ್ ಮುನುನ್’ ಎಂದು ಬರುತ್ತದೆ: ಇಳಿಯುವ ಬಾಗಿಲು. ಕೊನೆಯ ಪದ ‘ಓರುನ್‌ಚ್ಚೋಗಿಮ್ನಿದ’ ಎಂದಾದರೆ ಬಲಕ್ಕೆ, ‘ವೆನ್‌ಚ್ಚೋಗಿಮ್ನಿದ’ ಎಂದಾದರೆ ಎಡಕ್ಕೆ. ವಿಡಿಯೊದ ಪರದೆಯನ್ನು ಮುಚ್ಚಿಟ್ಟು, ಪ್ರತಿ ನಿಲ್ದಾಣದ ಹೆಸರನ್ನು ಬರೆದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಗುರುತು ಹಾಕಿ, ಆಮೇಲೆ ಪರದೆ ನೋಡಿ ತಾಳೆ ಹಾಕಿಕೊಳ್ಳಿ.